ಹೊಳಪಿಗೇಕೆ ಇಷ್ಟು ಹೆಸರು?

ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸಿಗೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್, ಮದ್ದು, ಗುಂಡು ತುಂಬಿ ಮತ್ತೆ ಬಳಸುವ ರಿಲೋಡಿಂಗ್ ಅಮೆರಿಕದ ಗ್ಯಾರೇಜುಗಳಲ್ಲಿ ಹಳೆಯ ಹವ್ಯಾಸ. ಅಲ್ಲೀಗ ಒಂದು ವಿಧಾನಕ್ಕೆ ಮಿತಿಮೀರಿದ ಹೆಸರು ಬಂದಿದೆ. ನೀರು, ಪಾತ್ರೆ ತೊಳೆಯುವ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ, ರಾಶಿ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಡ್ಡಿಗಳು. ಇವುಗಳ ಜೊತೆ ಕೇಸುಗಳನ್ನು ಡ್ರಮ್ಮಿಗೆ ಹಾಕಿ ಗಂಟೆಗಟ್ಟಲೆ ಉರುಳಿಸುವುದು. ಹೊರಬಂದದ್ದು ಒಳಗೂ ಹೊರಗೂ ಫಳಫಳ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ತಿಕ್ಕಿದವರಿಗೆ ಹುಳಿಯ ಈ ಮಹಿಮೆ ಗೊತ್ತೇ ಇದೆ. ಆದರೆ ಚೊಂಬಿನೊಳಗೆ ಯಾರೂ ಮದ್ದು ಸಿಡಿಸುವುದಿಲ್ಲ.

ಕೇಸು ಶುಚಿಯಾಗಿರಬೇಕು, ಒಪ್ಪೋಣ. ಮರಳು ಅಂಟಿದ ಕೇಸನ್ನು, ಹಿಗ್ಗಿದ್ದನ್ನು ಮತ್ತೆ ಅಳತೆಗೆ ತರುವ ಸೈಜಿಂಗ್ ಡೈಗೆ ತುರುಕಿದರೆ ಡೈಗೆ ಗೀರು ಬಿದ್ದು, ಮುಂದೆ ಬರುವ ಕೇಸುಗಳ ಮೈಮೇಲೆಲ್ಲ ಅದೇ ಗೀರು ಮೂಡುತ್ತದೆ. ಅದನ್ನು ತಡೆಯಲು ಅಕ್ರೋಟು ಚಿಪ್ಪಿನ ತರಿಯನ್ನೋ ಮೆಕ್ಕೆಜೋಳದ ದಿಂಡಿನ ತರಿಯನ್ನೋ ತುಂಬಿದ, ಗಡಗಡ ಅದುರುವ ಹಳೆಯ ಯಂತ್ರವೇ ಸಾಕು.

ನನ್ನ ತಕರಾರೆಲ್ಲ ಇರುವುದು ಕೇಸಿನ ಕತ್ತಿನ ಒಳಮೈಯ ಬಗ್ಗೆ. ಒಣ ತರಿ ಅಲ್ಲಿ ತೆಳುವಾದ ಮಸಿಯನ್ನು ಉಳಿಸುತ್ತದೆ. ಉಕ್ಕಿನ ಕಡ್ಡಿ ಅದನ್ನೂ ಕೆರೆದು ತೆಗೆಯುತ್ತದೆ. ಆ ಮಸಿ ಇಂಗಾಲ, ಗುಂಡು ಕೂರುವಾಗ ಅದೇ ಜಾರಿಕೆ. ಬರಿಯ ಹಿತ್ತಾಳೆಗೆ ಗುಂಡಿನ ತಾಮ್ರದ ಹೊದಿಕೆ ತಾಗಿದರೆ ಬಿಗಿ ಹೆಚ್ಚುತ್ತದೆ, ಅದೂ ಒಂದೊಂದು ಕೇಸಿನಲ್ಲಿ ಒಂದೊಂದು ಥರ. ಬಹುಕಾಲ ಹಾಗೇ ಇಟ್ಟರೆ ಎರಡೂ ಕಚ್ಚಿಕೊಳ್ಳುವುದುಂಟು. ಹಾಗಾಗಿ ಗುರಿಯ ಬಗ್ಗೆ ತಲೆಕೆಡಿಸಿಕೊಂಡವರು ಮಿನುಗುವ ಕತ್ತಿನೊಳಗೆ ಗ್ರಾಫೈಟ್ ಪುಡಿ ಸವರುತ್ತಾರೆ. ಬಿಟ್ಟಿ ಸಿಕ್ಕಿದ್ದ ಇಂಗಾಲವನ್ನು ತೊಳೆದು ಚೆಲ್ಲಿ, ದುಡ್ಡು ಕೊಟ್ಟು ಇಂಗಾಲ ತರುವ ಈ ಜಾಣತನಕ್ಕೆ ಏನೆನ್ನಬೇಕು! ಸಾಲದ್ದಕ್ಕೆ ಡ್ರಮ್ಮಿನಲ್ಲಿ ಕೇಸುಗಳು ಒಂದಕ್ಕೊಂದು ಬಡಿದು ಬಾಯಂಚು ಜಜ್ಜಿಹೋಗುತ್ತದೆ. ಅದನ್ನು ಕೆತ್ತಿ ಸರಿಮಾಡುವುದು ಇನ್ನೊಂದು ಕೆಲಸ.

ಹೊಳಪಿದ್ದರೆ ಬಿರುಕು ಕಾಣುತ್ತದೆ ಎನ್ನುವುದು ಈ ವಿಧಾನದ ವಕೀಲರ ಖಾಯಂ ವಾದ. ಬಾಯಿಯ ಸೀಳು ಕಂಡೀತು. ಆದರೆ ಕೇಸು ತುಂಡಾಗುವ ಅಪಾಯ ಮೊದಲಾಗುವುದು ಬುಡಕ್ಕೆ ತುಸು ಮೇಲೆ, ಒಳಗಡೆ, ಗೋಡೆ ಹಿಗ್ಗಿ ತೆಳುವಾದಲ್ಲಿ. ಅದನ್ನು ಪತ್ತೆಮಾಡುವುದು ತುದಿ ಬಗ್ಗಿಸಿದ ತಂತಿ. ಒಳಗೆ ಬಿಟ್ಟು ಎಳೆದರೆ ತಗ್ಗು ಬೆರಳಿಗೆ ಗೊತ್ತಾಗುತ್ತದೆ. ಇನ್ನು ಕಲೆಯೆಲ್ಲ ಕೊಳೆ ಎನ್ನುವವರು ಅಮೆರಿಕದ ಸೇನೆಯ 5.56 ಮಿ.ಮೀ. ತೋಟಾ ನೋಡಲಿ. ಕತ್ತನ್ನು ಕಾಯಿಸಿ ಮೆದುಗೊಳಿಸಿದಾಗ ಮೂಡಿದ ಬಣ್ಣವನ್ನು ಅವರು ಉಜ್ಜದೆ ಹಾಗೇ ಬಿಡುತ್ತಾರೆ, ಆ ಕೆಲಸ ನಡೆದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಹಿತ್ತಾಳೆಯ ನಿಜವಾದ ಶತ್ರು ಬೇರೆ. ಬ್ರಿಟಿಷರ ಕಾಲದ ಭಾರತದಲ್ಲಿ, ಮಳೆಗಾಲದಲ್ಲಿ ಕುದುರೆಲಾಯದ ಬಳಿ ದಾಸ್ತಾನಿಟ್ಟ ತೋಟಾಗಳು ಹಾರಿಸದೆಯೇ ಬಿರುಕುಬಿಡುತ್ತಿದ್ದವು. ಕುದುರೆಯ ಗಂಜಲದ ಅಮೋನಿಯಾ, ಲೋಹದೊಳಗೆ ಉಳಿದಿದ್ದ ಬಿಗಿತ, ತೇವ ಮೂರೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಸಂಶೋಧಕರು ವಿವರಿಸಿದರು. ಅಷ್ಟಾದರೂ ಅಮೋನಿಯಾ ಬೆರೆತ ಪಾಲಿಶ್ ಹಚ್ಚಿ ಉಜ್ಜುವವರು ಇದ್ದಾರೆ. ಆಮ್ಲದಲ್ಲಿ ಹೆಚ್ಚು ಹೊತ್ತು ನೆನೆಸಿ, ಸತು ಕರಗಿ ಕೇಸು ಗುಲಾಬಿಗೆ ತಿರುಗಿದ ಮೇಲೆ ಕಣ್ಣು ಬಿಡುವವರೂ ಇದ್ದಾರೆ. 70 ಪಾಲು ತಾಮ್ರ, 30 ಪಾಲು ಸತುವಿನ ಲೋಹದಲ್ಲಿ ಸತು ಹೋದರೆ ಬಲವೂ ಹೋಯಿತು.

ಡ್ರಮ್ಮಿನವರ ಒಂದು ಮಾತು ಮಾತ್ರ ನಿಲ್ಲುತ್ತದೆ. ಪ್ರೈಮರ್ ಉರಿದು ಉಳಿದ ಸೀಸ ಒಣ ತರಿಯಲ್ಲಿ ಧೂಳಾಗಿ ಎದ್ದು ಮೂಗಿಗೆ ಹೋಗುತ್ತದೆ, ನೀರಿನಲ್ಲಿ ಏಳುವುದಿಲ್ಲ. ಸರಿ, ಆದರೆ ಅದು ನೀರಿನ ಗುಣ. ಕಡ್ಡಿಗಳನ್ನು ಹೊರಗಿಟ್ಟು ಬರೀ ಸೋಪುನೀರಿನಲ್ಲಿ ಉರುಳಿಸಿದರೂ ಧೂಳಿಲ್ಲ, ಕತ್ತಿನ ಮಸಿಯೂ ಅಷ್ಟಿಷ್ಟು ಉಳಿಯುತ್ತದೆ.