ಬಟ್ಟೆಯ ರೆಕ್ಕೆಯ ‘ಜೇಸನ್’

ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಸಿಗುವ ‘ಜೇಸನ್’ ಎಂಬ ಹಸುರು ಬಣ್ಣದ ಜಿಪ್ಸಿ ಮಾತ್ ವಿಮಾನವು, ಮರದ ಹಂದರದ ಮೇಲೆ ಬಟ್ಟೆಯನ್ನು ಬಿಗಿದು ಕಟ್ಟಿದ, ತಲೆಯ ಮೇಲೆ ಮುಚ್ಚಿಗೆಯೂ ಇಲ್ಲದ, ನೂರು ಅಶ್ವಶಕ್ತಿಯ ಒಂದೇ ಯಂತ್ರವನ್ನು ನೆಚ್ಚಿದ ವಾಹನ. 1930ರ ಮೇ 5ರಂದು, ಇಪ್ಪತ್ತಾರರ ವಯಸ್ಸಿನ ಏಮಿ ಜಾನ್ಸನ್ ಕ್ರಾಯ್ಡನ್ನಿನಿಂದ ಏಕಾಕಿನಿಯಾಗಿ ಹೊರಟು, ಸುಮಾರು 11,000 ಮೈಲಿಗಳನ್ನು ಕ್ರಮಿಸಿ, ಮೇ 24ರಂದು ಆಸ್ಟ್ರೇಲಿಯದ ಡಾರ್ವಿನ್ ನಗರವನ್ನು ಸೇರಿದುದು ಈ ಪುಟ್ಟ ವಿಮಾನದಲ್ಲಿಯೇ.

ಆಕೆಯ ಧೈರ್ಯವನ್ನು ಲೋಕವೆಲ್ಲ ಕೊಂಡಾಡಿತು. ನನ್ನ ಮನಸ್ಸನ್ನು ಸೆರೆಹಿಡಿದಿರುವುದಾದರೋ ಆಕೆಯ ಕೈಗಳು. ವಿಮಾನಯಂತ್ರವನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಕಾರ್ಯಾಗಾರದ ಎಣ್ಣೆಜಿಡ್ಡಿನ ನಡುವೆ ಕಲಿತು, ಅದಕ್ಕೆ ಸರಕಾರದ ಪರವಾನಗಿಯನ್ನೂ ಪಡೆದಿದ್ದ ಆ ಕೈಗಳಲ್ಲವೆ, ಬಾಗ್ದಾದಿನ ಹಾದಿಯಲ್ಲಿ ಬಿರುಗಾಳಿಯು ಮರಳನ್ನೆಬ್ಬಿಸಿ ಭೂಮ್ಯಾಕಾಶಗಳನ್ನು ಒಂದು ಮಾಡಿದಾಗ, ವಿಮಾನವನ್ನು ಮರುಭೂಮಿಯಲ್ಲಿ ಇಳಿಸಿ, ಗಾಳಿಗೆ ಅದು ಉರುಳದಂತೆ ಗಂಟುಮೂಟೆಗಳನ್ನು ಚಕ್ರಗಳಿಗೆ ಒಡ್ಡಿದುವು! ಗಾಳಿ ತಗ್ಗುವವರೆಗೆ ಆಕೆ ಅಲ್ಲಿಯೇ ಕಾದು ಕುಳಿತಳು.

ಭಾರತವನ್ನೂ ಬರ್ಮಾವನ್ನೂ ದಾಟಿ ಜಾವಾದಲ್ಲಿ ಇಳಿಯುವಾಗ ನೆಲದಲ್ಲಿ ನೆಟ್ಟಿದ್ದ ಬಿದಿರಿನ ಗೂಟಗಳು ರೆಕ್ಕೆಯನ್ನು ಸೀಳಿದುವು. ಗಾಯಕ್ಕೆ ಅಂಟಿಸುವ ಔಷಧದ ಅಂಟುಪಟ್ಟಿಯನ್ನೇ ತಂದು, ಮನುಷ್ಯರ ಮೈಗೆಂಬಂತೆ, ಹರಿದ ಬಟ್ಟೆಗೆ ಮೆತ್ತಲಾಯಿತು. ಆ ತೇಪೆಯ ರೆಕ್ಕೆಯ ಮೇಲೆಯೇ, ಇಳಿಯಲು ಹಿಡಿನೆಲವೂ ಕಾಣದ ಟಿಮೋರ್ ಸಮುದ್ರವನ್ನು ಆಕೆ ಒಬ್ಬಳೇ ದಾಟಿದಳು.