ತಲೆಯ ಮೇಲೆ ಆಕಾಶ, ಮೊಣಕಾಲಿಗೆ ಡ್ಯಾಶ್‌ಬೋರ್ಡ್

1985ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಬೀದಿಗಿಳಿದ ಒಂದು ಪುಟ್ಟ ಕಾರಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಎರಡೇ ಸೀಟು, ತಲೆಯ ಮೇಲೆ ಏನೂ ಇಲ್ಲ. ಹಿರೋಷಿಮಾದ ಮಾಜ್ದಾ ಕಂಪನಿಗಾಗಿ ಇಂಗ್ಲೆಂಡಿನ ವರ್ದಿಂಗ್‌ನಲ್ಲಿದ್ದ ಐಎಡಿ ಎಂಬ ವಿನ್ಯಾಸ ಸಂಸ್ಥೆ ಕಟ್ಟಿಕೊಟ್ಟ ಪರೀಕ್ಷಾ ಮಾದರಿ ಅದು. ದಾರಿಯಲ್ಲಿದ್ದವರು ಸುಮ್ಮನೆ ನೋಡಿ ಬಿಡಲಿಲ್ಲ, ಬೆನ್ನುಬಿದ್ದು ಬಂದು ಇದು ಯಾವ ಕಾರು ಎಂದು ವಿಚಾರಿಸತೊಡಗಿದರು. ಮಾರುಕಟ್ಟೆ ಸಮೀಕ್ಷೆ ಹೇಳದಿದ್ದ ಉತ್ತರ ಎಂಜಿನಿಯರುಗಳಿಗೆ ಬೀದಿಯಲ್ಲಿ ಸಿಕ್ಕಿತು. 1989ರ ಫೆಬ್ರವರಿಯಲ್ಲಿ ಷಿಕಾಗೊ ಆಟೊ ಶೋನಲ್ಲಿ ಎಂಎಕ್ಸ್-5 ಮಿಯಾಟಾ ಅನಾವರಣಗೊಂಡಾಗ ಅದರ ಬೆಲೆ 13,800 ಡಾಲರ್. ಡೀಲರುಗಳು ಅದರ ಮೇಲೆ ಸಾವಿರಾರು ಡಾಲರ್ ಹೆಚ್ಚು ಕೇಳಿದರು, ಜನ ಕೊಟ್ಟೂ ಕೊಟ್ಟರು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಕಾರು ಕಾರ್ಖಾನೆಯಿಂದ ಹೊರಬಂತು.

ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ಬೇರೆ ಯಾವುದೂ ಇಷ್ಟು ಸಂಖ್ಯೆಯಲ್ಲಿ ಮಾರಾಟವಾಗಿಲ್ಲ. ಕಾರಣ ಹುಡುಕುವವರು ಅದರ ಸುಖದ ಪಟ್ಟಿ ಕೊಡುತ್ತಾರೆ. ಕಷ್ಟದ ಕಡೆಯಿಂದ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಣ್ಣ ಕನ್ವರ್ಟಿಬಲ್ ಓಡಿಸುವವನ ಕುತ್ತಿಗೆಗೆ ಬಡಿಯುವ ಗಾಳಿ, ಮೊಣಕಾಲಿಗೆ ತಾಗುವ ಡ್ಯಾಶ್‌ಬೋರ್ಡ್, ಒಂದು ಸೂಟ್‌ಕೇಸ್ ಹಿಡಿಸದ ಡಿಕ್ಕಿ, ಇವೆಲ್ಲ ಆ ಕಾರಿನ ಹಗುರ ಮೈಯಿಂದ, ಗಿಡ್ಡ ಎತ್ತರದಿಂದ, ಚಿಕ್ಕ ಅಳತೆಯಿಂದಲೇ ಹುಟ್ಟಿದವು. ಸುಖ ಹುಟ್ಟಿದ್ದೂ ಅಲ್ಲಿಂದಲೇ. ಒಂದನ್ನು ಪೂರ್ತಿ ಅಳಿಸಹೊರಟರೆ ಇನ್ನೊಂದೂ ಉಳಿಯುವುದಿಲ್ಲ. ಯಾವ ಕಷ್ಟವನ್ನು ತೆಗೆಯಬೇಕು, ಯಾವುದನ್ನು ಹಾಗೇ ಬಿಡಬೇಕು ಎಂಬುದನ್ನು ಹಿರೋಷಿಮಾದವರು ಸರಿಯಾಗಿ ತೂಗಿ ನೋಡಿದರು.

ಅವರಿಗಿಂತ ಮೊದಲು ಈ ಬಗೆಯ ಕಾರು ಬ್ರಿಟಿಷರ ಸೊತ್ತಾಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಂಜಿ ಕಾರುಗಳು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದವು. 1958ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಬಂತು. 1962ರ ಒಂದೇ ವರ್ಷದಲ್ಲಿ ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್, ಲೋಟಸ್ ಎಲಾನ್ ಮೂರೂ ಬಂದವು. ಈ ಮೂರರಲ್ಲಿ ಎಲಾನ್ ನಿಜವಾದ ಅದ್ಭುತ. ಉಕ್ಕಿನ ಬೆನ್ನೆಲುಬಿನಂಥ ಛಾಸಿ, ಫೈಬರ್ ಗ್ಲಾಸ್ ಮೈ, ತೂಕ 700 ಕೆ.ಜಿ.ಗೂ ಕಡಿಮೆ. ಅದರ ಸ್ಟೇರಿಂಗನ್ನು ಮೀರಿಸುವಂಥದ್ದು ಇನ್ನೂ ಬಂದಿಲ್ಲ ಎನ್ನುವ ರಸಿಕರು ಈಗಲೂ ಇದ್ದಾರೆ, ಆ ಮಾತು ಉತ್ಪ್ರೇಕ್ಷೆಯೆನಿಸುವುದಿಲ್ಲ. ಆದರೆ ಈ ಕಾರುಗಳನ್ನು ಸಾಕುವುದು ಮಾತ್ರ ಬಲು ಕಷ್ಟ. ಎಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು, ಮಳೆ ಬಂದರೆ ವೈರಿಂಗ್ ಕೈಕೊಡುತ್ತಿತ್ತು, ಟಾಪ್ ಹಾಕಿದರೂ ತೊಡೆಯ ಮೇಲೆ ನೀರು ಬೀಳುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳು ಬಿಗಿಯಾದವು. ಅವನ್ನು ಪಾಲಿಸಲು 1974ರಲ್ಲಿ ಎಂಜಿಬಿಗೆ ದಪ್ಪ ಕರಿ ಬಂಪರ್ ಅಂಟಿಸಿ ಕಾರನ್ನೇ ಎತ್ತರಿಸಿದರು. ತಿರುವಿನಲ್ಲಿ ಅದು ವಾಲತೊಡಗಿತು. ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳನ್ನು ಮಾಡಿದ ಆಬಿಂಗ್ಡನ್ ಕಾರ್ಖಾನೆಗೆ 1980ರಲ್ಲಿ ಬೀಗ ಬಿತ್ತು.

ಅಂಥ ಕಾರು ಮತ್ತೆ ಬರಬೇಕು ಎಂದು ಮಾಜ್ದಾದ ಕೆನಿಚಿ ಯಾಮಾಮೊಟೊ ಅವರ ಕಿವಿಗೆ ಹಾಕಿದವರು ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ. ರೋಟರಿ ಎಂಜಿನ್ನನ್ನು ಸಾಧಿಸಿ ತೋರಿಸಿದ ಯಾಮಾಮೊಟೊ ಮುಂದೆ ಕಂಪನಿಯ ಅಧ್ಯಕ್ಷರಾದರು, ಹಾಲ್ ಕೂಡ ಆ ಕಂಪನಿಯನ್ನೇ ಸೇರಿದರು. ಟೋಕಿಯೊ ಸ್ಟುಡಿಯೊದವರು ಮುಂದಿನ ಚಕ್ರಗಳಿಂದ ಓಡುವ ಒಂದು ಮಾದರಿಯನ್ನೂ, ನಡುವೆ ಎಂಜಿನ್ ಇರುವ ಇನ್ನೊಂದನ್ನೂ ಮುಂದಿಟ್ಟರು. ಕ್ಯಾಲಿಫೋರ್ನಿಯಾ ಸ್ಟುಡಿಯೊದವರು ಹಳೆಯ ಕ್ರಮಕ್ಕೆ ಅಂಟಿಕೊಂಡರು: ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ. ಗೆದ್ದದ್ದು ಅದೇ. ತೊಷಿಹಿಕೊ ಹಿರಾಯ್ ಅವರ ಮುಂದಾಳ್ತನದಲ್ಲಿ ತಯಾರಾದ ಮೊದಲ ಕಾರು ಜಪಾನಿನ ಮಾದರಿಯಲ್ಲಿ ಬರೀ 940 ಕೆ.ಜಿ. ತೂಗುತ್ತಿತ್ತು. 1.6 ಲೀಟರ್ ಎಂಜಿನ್ನಿಗೆ ಸುಮಾರು 115 ಅಶ್ವಶಕ್ತಿ. ಇಬ್ಬರು ಕೂತರೆ ಭಾರ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಿತ್ತು.

ಕಾರಿನ ಅಡಿಯಲ್ಲಿ ಅಡಗಿರುವ ಒಂದು ಭಾಗದ ಬಗ್ಗೆ ಇಲ್ಲಿ ಹೇಳಲೇಬೇಕು. ಗಿಯರ್ ಬಾಕ್ಸಿನ ಬಾಲದಿಂದ ಹಿಂದಿನ ಚಕ್ರಗಳಿಗೆ ಓಟ ಹಂಚುವ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಮ್ ತೊಲೆಯೊಂದು ಹಾದುಹೋಗುತ್ತದೆ. ಸಾಮಾನ್ಯ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಂದು ಕಡೆ ಹೊರಳುತ್ತದೆ, ಡಿಫರೆನ್ಷಿಯಲ್ ಇನ್ನೊಂದು ಕಡೆ ಮೂತಿ ಎತ್ತುತ್ತದೆ, ಅವನ್ನು ಹಿಡಿದ ರಬ್ಬರಿನ ಈ ತೂಗಾಟವೆಲ್ಲ ಮುಗಿದ ಮೇಲೆ ಕಾರು ಮುಂದೆ ಜಿಗಿಯುತ್ತದೆ. ಈ ತೊಲೆ ಎರಡನ್ನೂ ಒಂದೇ ಮೈಯಾಗಿ ಬಿಗಿದಿಡುತ್ತದೆ. ಹಾಗಾಗಿ ಬಲಗಾಲು ಕಾಗದದಷ್ಟು ಅಲುಗಿದರೂ ಹಿಂದಿನ ಚಕ್ರಗಳಿಗೆ ಗೊತ್ತಾಗುತ್ತದೆ. ಗಿಯರ್ ಲಿವರ್ ಗಿಡ್ಡ. ಮುಂಗೈ ಎತ್ತುವ ಅಗತ್ಯವಿಲ್ಲ, ಮಣಿಕಟ್ಟು ತಿರುಗಿದರೆ ಸಾಕು, ಎರಡನೆಯದರಿಂದ ಮೂರನೆಯ ಗಿಯರು ಕಟಕ್ಕೆಂದು ಬೀಳುತ್ತದೆ.

ವೇಗದ ಮಾತಾಡುವವರಿಗೆ ಇದು ಒಂಬತ್ತು ಸೆಕೆಂಡಿನ ಆಸುಪಾಸಿನಲ್ಲಿ ನೂರು ಕಿ.ಮೀ. ಮುಟ್ಟುವ ಕಾರು. ಇವತ್ತಿನ ಒಂದು ಸಾಧಾರಣ ಎಲೆಕ್ಟ್ರಿಕ್ ಕಾರು ಇದನ್ನು ಸಿಗ್ನಲ್ಲಿನಲ್ಲೇ ಹಿಂದಿಕ್ಕಬಲ್ಲದು. ಆದರೆ ಅರವತ್ತು ಕಿ.ಮೀ. ವೇಗದಲ್ಲೇ ಟೈರಿನ ಹಿಡಿತ, ಎಂಜಿನ್ನಿನ ಏರುದನಿ, ರಸ್ತೆಯ ಒರಟು ಎಲ್ಲ ಕೈಗೂ ಬೆನ್ನಿಗೂ ತಲುಪುವುದರಿಂದ, ಸಂತೋಷಪಡಲು ಇದರಲ್ಲಿ ಕಾನೂನು ಮುರಿಯಬೇಕಾಗಿಲ್ಲ. ಟೆನ್ನೆಸಿ ಮತ್ತು ಉತ್ತರ ಕೆರೊಲಿನಾ ಗಡಿಯ ಡೀಲ್ಸ್ ಗ್ಯಾಪ್‌ನಲ್ಲಿ ಹನ್ನೊಂದು ಮೈಲಿಗೆ 318 ತಿರುವುಗಳಿರುವ ರಸ್ತೆಯೊಂದಿದೆ. ಅಲ್ಲಿ ಅಶ್ವಶಕ್ತಿಯ ಜಂಬ ಏನೂ ನಡೆಯದು, ಮಿಯಾಟಾದಂಥವೇ ರಾಜ.

ಸಿಲಿಕಾನ್ ಕಣಿವೆಯಲ್ಲಿ ದುಡಿಯುವ ಕನ್ನಡಿಗರಿಗೂ ಇಂಥ ರಸ್ತೆ ದೂರವಿಲ್ಲ. ಕಣಿವೆಯ ಪಡುವಣ ಬೆಟ್ಟಸಾಲಿನ ನೆತ್ತಿಯ ಮೇಲೆ ಸ್ಕೈಲೈನ್ ಬುಲೆವಾರ್ಡ್ ಹಾದುಹೋಗುತ್ತದೆ. ಅಲ್ಲಿಂದ ಲಾ ಹೋಂಡಾ ಕಡೆಗೆ ಇಳಿಯುವಾಗ ಟಾಪ್ ತೆಗೆದಿದ್ದರೆ ಬಿಸಿಲಿನ ಕಾವು, ರೆಡ್‌ವುಡ್ ಕಾಡಿನ ತೇವದ ವಾಸನೆ, ಮುಂದಿನ ತಿರುವಿಗೆ ಕಡಲ ಮಂಜಿನ ಚಳಿ, ಹೀಗೆ ಕೆಲವೇ ನಿಮಿಷದಲ್ಲಿ ಮೂರು ಹವೆಗಳು ಮೈಗೆ ತಾಗುತ್ತವೆ. ಗಾಜು ಏರಿಸಿ ಏಸಿ ಹಾಕಿಕೊಂಡು ಹೋದವರಿಗೆ ಅದು ಬರೀ ಒಂದು ಇಳಿಜಾರು.

ಇನ್ನು ಟಾಪ್‌ನ ವಿಚಾರ. ಮೊದಲ ತಲೆಮಾರಿನ ಮಿಯಾಟಾದಲ್ಲಿ ಮುಂದಿನ ಗಾಜಿನ ಮೇಲಂಚಿಗೆ ಎರಡು ಕೊಂಡಿಗಳಿವೆ. ಹಿಂದಿನ ಕಿಟಕಿ ಗಾಜಲ್ಲ, ಜಿಪ್ ಹಾಕಿದ ಪಾರದರ್ಶಕ ಪ್ಲಾಸ್ಟಿಕ್. ಮೊದಲು ಜಿಪ್ ಬಿಚ್ಚಿ ಆ ಪ್ಲಾಸ್ಟಿಕ್ಕನ್ನು ಸೀಟಿನ ಹಿಂದೆ ಚಪ್ಪಟೆಯಾಗಿ ಮಲಗಿಸಬೇಕು, ಆಮೇಲೆ ಕೊಂಡಿ ಬಿಚ್ಚಿ ಟಾಪನ್ನು ಹಿಂದಕ್ಕೆ ಮಡಚಬೇಕು. ಅವಸರದಲ್ಲಿ ಜಿಪ್ ಬಿಚ್ಚದೆ ಮಡಚಿದರೆ ಪ್ಲಾಸ್ಟಿಕ್ ಮಡಿಕೆಯಲ್ಲೇ ಸೀಳುತ್ತದೆ. ಚಳಿಗಾಲದಲ್ಲಿ ಅದು ಗಡುಸಾಗಿರುವಾಗಲಂತೂ ಸೀಳುವುದು ಖಂಡಿತ. ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದರೆ ಹಳದಿಗಟ್ಟಿ ಹಿಂದಿನ ವಾಹನದ ದೀಪವೂ ಕಾಣದಂತಾಗುತ್ತದೆ. 2015ರಲ್ಲಿ ಬಂದ ನಾಲ್ಕನೇ ತಲೆಮಾರಿನಲ್ಲಿ ಈ ತಾಪತ್ರಯವಿಲ್ಲ. ನಡುವೆ ಒಂದೇ ಕೊಂಡಿ, ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ಎಸೆದರೆ ಮುಗಿಯಿತು. ಟ್ರಾಫಿಕ್ ಸಿಗ್ನಲ್ ಹಸಿರಾಗುವುದರೊಳಗೆ ಆಕಾಶ ಕಾಣುತ್ತದೆ. ಇಲ್ಲಿ ಕಳೆದದ್ದು ಕಳೆಯಬೇಕಾಗಿದ್ದ ಕಷ್ಟ.

ಕಳೆಯಲಾಗದ್ದು ಗಾಳಿ. ಹೊಸಬರು ಗಾಳಿ ಎದುರಿನಿಂದ ಹೊಡೆಯುತ್ತದೆ ಎಂದುಕೊಂಡಿರುತ್ತಾರೆ. ಅದು ಬರುವುದು ಬೆನ್ನ ಹಿಂದಿನಿಂದ. ಮುಂದಿನ ಗಾಜಿನ ಮೇಲಂಚನ್ನು ಹಾರಿದ ಗಾಳಿ ತಲೆಯ ಮೇಲೆ ಹಾದು, ಸೀಟಿನ ಹಿಂದಿರುವ ಕಡಿಮೆ ಒತ್ತಡದ ಜಾಗಕ್ಕೆ ಸುರುಳಿಯಾಗಿ ಇಳಿದು ಕುತ್ತಿಗೆಗೆ ಬಡಿಯುತ್ತದೆ. ಅದಕ್ಕೇ ಸೀಟುಗಳ ಹಿಂದೆ ಬಲೆ ಅಥವಾ ಗಾಜಿನ ತಡೆ ನಿಲ್ಲಿಸುವುದು, ಪಕ್ಕದ ಗಾಜುಗಳನ್ನು ಏರಿಸಿಡುವುದು. ಅಷ್ಟಾದರೂ ಹೆದ್ದಾರಿಯಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ, ಹಾಡು ಕೇಳುವುದಿಲ್ಲ. ಮೂರು ತಾಸು ಓಡಿಸಿ ಇಳಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಅನುಭವಸ್ಥರು ದೂರದ ಓಟಕ್ಕೆ ಕಿವಿಗೆ ಪ್ಲಗ್ ಹಾಕಿಕೊಳ್ಳುತ್ತಾರೆ, ಅಥವಾ ಹೆದ್ದಾರಿ ಮುಗಿಯುವ ತನಕ ಟಾಪ್ ಮುಚ್ಚಿಕೊಂಡೇ ಹೋಗುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ತೆರೆದ ಕಾರು ಬೇಸಿಗೆಯ ವಾಹನ ಎಂಬುದೂ ತಪ್ಪು ತಿಳಿವಳಿಕೆ. ನಡು ಮಧ್ಯಾಹ್ನದ ಬಿಸಿಲಿಗೆ ನೆತ್ತಿ ಸುಡುತ್ತದೆ, ಕಪ್ಪು ಸೀಟು ತೊಡೆ ಸುಡುತ್ತದೆ. ಇದರ ನಿಜವಾದ ಕಾಲ ಚಳಿಯ ಬೆಳಗು. ಟೊಪ್ಪಿ ಹಾಕಿ, ಹೀಟರನ್ನು ಪೂರ್ತಿ ತಿರುಗಿಸಿದರೆ ಕಾಲಿಗೆ ಬೆಚ್ಚಗೆ, ಮುಖಕ್ಕೆ ತಣ್ಣಗೆ. ಬ್ರಿಟನ್ನಿನಂಥ ಮೋಡ ಕವಿದ ನಾಡಿನಲ್ಲಿ ಈ ಹವ್ಯಾಸ ಬೆಳೆದದ್ದು ಆಕಸ್ಮಿಕವಲ್ಲ.

ಗಿಡ್ಡತನಕ್ಕೂ ಬೆಲೆ ತೆರಬೇಕು. ಕಾರಿನ ಎತ್ತರ ಸುಮಾರು 1.23 ಮೀಟರ್. ಲಾರಿ ಪಕ್ಕದಲ್ಲಿ ನಿಂತರೆ ಕಣ್ಣಿಗೆ ಸರಿಯಾಗಿ ಅದರ ಚಕ್ರದ ನಟ್ಟುಗಳು ಕಾಣುತ್ತವೆ, ಲಾರಿ ಚಾಲಕನಿಗೆ ಕಾರು ಕಾಣುವುದೇ ಇಲ್ಲ. ಇಂಥ ಕಾರು ಓಡಿಸುವವರು ಲೇನ್ ಬದಲಿಸುವ ಪ್ರತಿಯೊಬ್ಬನನ್ನೂ ಅನುಮಾನದಿಂದಲೇ ನೋಡುವುದು ಕಲಿಯಬೇಕು. ಒಳಗೆ ಕೂರುವಾಗ ಮೊದಲು ಸೀಟಿಗೆ ಕುಸಿದು ಆಮೇಲೆ ಕಾಲೆಳೆದುಕೊಳ್ಳಬೇಕು. ಆರಡಿ ದಾಟಿದವರಿಗೆ ಸ್ಟೇರಿಂಗ್ ಮೊಣಕಾಲಿಗೆ ತಾಗುತ್ತದೆ, ಮುಂದಿನ ಗಾಜಿನ ಚೌಕಟ್ಟು ಕಣ್ಣಿಗೆ ಅಡ್ಡ ಬರುತ್ತದೆ. ಡಿಕ್ಕಿ ಈಗಿನ ಮಾದರಿಯಲ್ಲೂ 130 ಲೀಟರ್ ಮಾತ್ರ. ಇಬ್ಬರ ಎರಡು ದಿನದ ಬಟ್ಟೆ ಹಿಡಿಯುತ್ತದೆ, ಅದೂ ಮೆತ್ತನೆಯ ಬ್ಯಾಗಿನಲ್ಲಿ ತುಂಬಿದರೆ.

ಇದಕ್ಕಿಂತಲೂ ಚಿಕ್ಕವು ಬೇಕಿದ್ದರೆ ಜಪಾನಿನಲ್ಲೇ ಇವೆ. 1991ರಲ್ಲಿ ಅಲ್ಲಿನ 660 ಸಿಸಿ ಮಿತಿಯೊಳಗೆ ಹೋಂಡಾ ಬೀಟ್, ಸುಜುಕಿ ಕಪುಚಿನೊ ಎಂಬ ಎರಡು ತೆರೆದ ಕಾರುಗಳು ಬಂದವು. ಕಪುಚಿನೊ ಸುಮಾರು 700 ಕೆ.ಜಿ. ತೂಕದ್ದು. ಅದರ ಛಾವಣಿಯನ್ನು ಮೂರು ತುಂಡಾಗಿ ಕಳಚಿ ಡಿಕ್ಕಿಯಲ್ಲಿಟ್ಟುಕೊಳ್ಳಬೇಕು. ಇಟ್ಟ ಮೇಲೆ ಸಾಮಾನಿಗೆ ಜಾಗವಿಲ್ಲ. ಆಕಾಶ ಬೇಕೋ ಲಗೇಜು ಬೇಕೋ ಎಂದು ಮನೆಯಲ್ಲೇ ತೀರ್ಮಾನಿಸಿ ಹೊರಡಬೇಕು.

ಕಷ್ಟ ತೀರಿಸಲು ಹೋಗಿ ದಾರಿ ತಪ್ಪುವುದು ತೂಕದ ವಿಷಯದಲ್ಲಿ. ಛಾವಣಿ ತೆಗೆದ ಕಾರಿನ ಮೈ ತಿರುಚುತ್ತದೆ, ಹಳ್ಳಕ್ಕೆ ಚಕ್ರ ಬಿದ್ದರೆ ಡ್ಯಾಶ್‌ಬೋರ್ಡ್ ನಡುಗುತ್ತದೆ. ಅದನ್ನು ತಡೆಯಲು ಬಾಗಿಲಿನ ಕೆಳಗಿನ ತೊಲೆಗಳನ್ನು ಬಲಪಡಿಸಬೇಕು, ಅಷ್ಟರಿಂದಲೇ ತೂಕ ಏರುತ್ತದೆ. ಅದರ ಮೇಲೆ ಮೋಟಾರಿನ ಗಟ್ಟಿ ಛಾವಣಿ ಕೂರಿಸಿದರೆ ಇನ್ನಷ್ಟು. ಮಿಯಾಟಾದ ಆರ್‌ಎಫ್ ಮಾದರಿಯ ಛಾವಣಿ ಗುಂಡಿ ಒತ್ತಿದರೆ 13 ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ. ನೋಡಲು ಚೆಂದ. ಕೈಯಿಂದ ಎಸೆಯುವ ಬಟ್ಟೆಯ ಟಾಪ್ ಅದಕ್ಕಿಂತ ಬೇಗ, ಅದಕ್ಕಿಂತ ಹಗುರ, ಕೆಡುವಂಥ ಮೋಟಾರು ಅದರಲ್ಲಿ ಇಲ್ಲ. ಈ ಅಂಕಣದ ಮತ ಬಟ್ಟೆಗೇ. ಮೂರು ತಲೆಮಾರಿನಲ್ಲಿ ಮೆಲ್ಲಗೆ ಏರುತ್ತ ಬಂದ ತೂಕವನ್ನು ನಾಲ್ಕನೆಯದರಲ್ಲಿ ಎಂಜಿನಿಯರುಗಳು ಮತ್ತೆ ಇಳಿಸಿದರು. ಜಪಾನಿನ ಅತಿ ಹಗುರ ಮಾದರಿ 990 ಕೆ.ಜಿ.ಗೆ ಬಂದು ನಿಂತಿತು. ಏರ್‌ಬ್ಯಾಗು, ಅಪಘಾತ ಪರೀಕ್ಷೆಗಳ ಈ ಕಾಲದಲ್ಲಿ ಇದು ದೊಡ್ಡ ಸಾಧನೆ.

ಭಾರತದಲ್ಲಿ ಮಾಜ್ದಾ ಈ ಕಾರನ್ನು ಮಾರಲಿಲ್ಲ. ಇಲ್ಲಿಯವರೇ ಒಂದು ಪ್ರಯತ್ನ ಮಾಡಿದ್ದುಂಟು: ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್. ಫೈಬರ್ ಗ್ಲಾಸ್ ಮೈ, ರೆನೋದ ಚಿಕ್ಕ ಎಂಜಿನ್, ಎರಡು ಸೀಟು. ಬೆರಳೆಣಿಕೆಯಷ್ಟೇ ಮಾರಾಟವಾದರೂ ಆಲೋಚನೆ ಸರಿಯಾಗಿತ್ತು, ಅದಕ್ಕೆ ಇನ್ನಷ್ಟು ಬೆಂಬಲ ಸಿಗಬೇಕಿತ್ತು. 2025ರಲ್ಲಿ ಎಂಜಿ ಹೆಸರಿನಲ್ಲೇ ಸೈಬರ್‌ಸ್ಟರ್ ಎಂಬ ಎಲೆಕ್ಟ್ರಿಕ್ ತೆರೆದ ಕಾರು ನಮ್ಮಲ್ಲಿಗೂ ಬಂತು. ಅದರ ತೂಕ ಹತ್ತಿರ ಹತ್ತಿರ ಎರಡು ಟನ್. ಎರಡು ಮಿಯಾಟಾಗಳಷ್ಟು ಭಾರದ ಕಾರು ವೇಗದಲ್ಲಿ ಎಷ್ಟೇ ಮುಂದಿದ್ದರೂ ಆಬಿಂಗ್ಡನ್ನಿನ ಆ ಹಗುರ ಕಾರುಗಳ ವಂಶದ್ದೆಂದು ಒಪ್ಪಲು ಮನಸ್ಸು ಬರುವುದಿಲ್ಲ.

ಹೊರದೇಶದಲ್ಲಿರುವ ಓದುಗರು ಹಳೆಯ ಮಿಯಾಟಾ ಕೊಳ್ಳುವುದಾದರೆ ಎಂಜಿನ್ನಿಗಿಂತ ಮೊದಲು ನೀರಿನ ದಾರಿ ನೋಡಬೇಕು. ಮಡಚಿದ ಟಾಪ್‌ನ ಎರಡು ಪಕ್ಕದಲ್ಲಿ, ಸೀಟುಗಳ ಹಿಂದೆ, ಮಳೆನೀರು ಹರಿದುಹೋಗಲು ತೂತುಗಳಿವೆ. ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ತೊಲೆಗಳನ್ನು ಒಳಗಿನಿಂದ ತಿನ್ನುತ್ತದೆ. ಹಿಂಬದಿಯ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ತೇವವಿದೆಯೇ ನೋಡುವುದು, ಹಿಂದಿನ ಚಕ್ರದ ಮುಂದಿನ ಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿದೆಯೇ ನೋಡುವುದು, ಇವೆರಡೂ ಐದು ನಿಮಿಷದ ಕೆಲಸ. ಹರಿದ ಟಾಪ್, ಸವೆದ ಸ್ಟೇರಿಂಗ್‌ಗೆ ಚಿಂತೆ ಬೇಡ. ಮೊದಲ ತಲೆಮಾರಿನ ಕಾರುಗಳಿಗಾಗಿ ಮಾಜ್ದಾ 2017ರಲ್ಲಿ ಜಪಾನಿನಲ್ಲಿ ಪುನರುಜ್ಜೀವನ ಯೋಜನೆ ಪ್ರಕಟಿಸಿದ ಮೇಲೆ ಟಾಪ್‌ನ ಬಟ್ಟೆ, ಮರದ ನಾರ್ಡಿ ಸ್ಟೇರಿಂಗ್, ಆ ಕಾಲದ ಮಾದರಿಯ ಟೈರು ಎಲ್ಲ ಮತ್ತೆ ತಯಾರಾಗಿವೆ. ಆದರೆ ತೊಲೆಗೆ ತುಕ್ಕು ಹಿಡಿದಿದ್ದರೆ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಮಾರುವವನಿಗೆ ನಮಸ್ಕಾರ ಹೇಳಿ ಇನ್ನೊಂದು ಕಾರು ನೋಡುವುದು ಮೇಲು.