ಆ ಟಿಕ್ ತೆಗೆದುಬಿಡಿ

ಭಾನುವಾರ ಶಿವನಸಮುದ್ರದ ಬ್ಲಫ್‌ನಲ್ಲಿ ನಮ್ಮ ಭಾವನ ಮನೆಯಲ್ಲಿ ಕಂಡದ್ದನ್ನು ಹೇಳಬೇಕು.

ಭಾವ ಹಳೆಯ ಕ್ರಯಪತ್ರ, ಪಹಣಿಗಳನ್ನೆಲ್ಲ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಪ್ರಿಂಟರ್ ಹಳೆಯದು, ಕಂಪ್ಯೂಟರ್ ಹೊಸದು. ಪ್ರಿಂಟ್ ಬರುತ್ತಿತ್ತು, ಸ್ಕ್ಯಾನ್ ಮಾತ್ರ ಫೋಲ್ಡರಿಗೆ ಬೀಳುತ್ತಿರಲಿಲ್ಲ. ಪಕ್ಕದ ಬೀದಿಯ ಹುಡುಗ ಬಂದು, “ಒಂದ್ ಟಿಕ್ ಹಾಕುದ್ರೆ ಸರೋಯ್ತದೆ ಬುಡಿ” ಎಂದು ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಕಡತ ಹಂಚಿಕೆಯ ಹಳೆಯ ಪ್ರೊಟೊಕಾಲ್ ಎಸ್‌ಎಂಬಿ 1.0 ಆನ್ ಮಾಡಿಕೊಟ್ಟಿದ್ದ. ಸರಿಯೂ ಹೋಗಿತ್ತು.

ಆ ಸಾಲನ್ನು ಬಿಡಿಸಿ ನೋಡಿದೆ. ಒಳಗೆ ಮೂರು ಚೌಕ: ತಾನಾಗಿ ತೆಗೆದುಹಾಕುವುದು, ಕ್ಲೈಂಟ್, ಸರ್ವರ್. ಮೂರಕ್ಕೂ ಟಿಕ್ ಬಿದ್ದಿತ್ತು. ಫೋಲ್ಡರಿಗೆ ಸ್ಕ್ಯಾನ್ ಕಳಿಸುವಾಗ ಬಾಗಿಲು ಬಡಿಯುವುದು ಪ್ರಿಂಟರ್, ತೆರೆಯಬೇಕಾದ್ದು ನಮ್ಮ ಕಂಪ್ಯೂಟರ್. ಅಂದರೆ ಸರ್ವರ್ ತೆರೆದೇ ಇರಬೇಕು. 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ಕುತಂತ್ರಾಂಶ ನುಗ್ಗಿದ್ದು ಇದೇ ಬಾಗಿಲಲ್ಲಿ. ಆ ಬಿರುಕು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ‘ಅಪ್‌ಡೇಟ್ ಆಗಿದೆಯಲ್ಲ, ಇನ್ನೇನು ಭಯ’ ಎನ್ನುವವರಿಗೆ ಒಂದು ಮಾತು: ಎಸ್‌ಎಂಬಿ ಹುಟ್ಟಿದ್ದು 1983ರಲ್ಲಿ, ಐಬಿಎಂನಲ್ಲಿ. ಕಡತಗಳನ್ನು ಗೂಢಲಿಪಿಯಲ್ಲಿ ಸಾಗಿಸುವ ಶಕ್ತಿ ಅದಕ್ಕೆ ಬಂದದ್ದು ಮೂರನೆಯ ಆವೃತ್ತಿಯಲ್ಲಿ, 2012ಕ್ಕೆ. ಮೊದಲನೆಯದಕ್ಕೆ ಎಷ್ಟು ತೇಪೆ ಹಾಕಿದರೂ ವಿಂಡೋಸಿನಲ್ಲಿ ಆ ಶಕ್ತಿ ಬರುವುದಿಲ್ಲ.

‘ಮನೆಯೊಳಗೇ ತಾನೆ’ ಎಂಬ ಪಂಥದವರೊಂದಿಗೆ ನನ್ನದು ಹಳೆಯ ಜಗಳ. ಹಬ್ಬಕ್ಕೆ ಬಂದ ನೆಂಟರ ಫೋನು, ಟಿವಿ, ಅಗ್ಗದ ಕ್ಯಾಮೆರಾ ಎಲ್ಲವೂ ಅದೇ ವೈಫೈಯಲ್ಲಿವೆ. ಅವೂ ಮನೆಯೊಳಗೇ ಇವೆ.

ಸ್ಕ್ಯಾನ್ ಕಳಿಸಲು ಇದೇ ಪಂಥದವರು ಕೊಡುವ ಎರಡನೆಯ ಸಲಹೆ ಎಫ್‌ಟಿಪಿ. ಅದರ ಮೊದಲ ಕರಡನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಐಐಟಿ ಕಾನ್ಪುರದ ಮೊದಲ ತಂಡದ ಅಭಯ್ ಭೂಷಣ್ ಎಂಐಟಿಯಲ್ಲಿದ್ದಾಗ 1971ರ ಏಪ್ರಿಲ್‌ನಲ್ಲಿ ಬರೆದ ಆರ್‌ಎಫ್‌ಸಿ 114 ಅದು. ದೂರದ ಯಂತ್ರಕ್ಕೆ ತಾನೇ ಲಾಗಿನ್ ಆಗದೆ, ಅದರ ರೀತಿನೀತಿ ಕಲಿಯದೆ, ಅಲ್ಲಿನ ಕಡತ ಬಳಸುವಂತಾಗಬೇಕು ಎಂಬುದು ಅದರ ತಿರುಳು. ಇಂದು ನಾವು ಮನೆಯಲ್ಲಿ ಬಯಸುವುದೂ ಅದನ್ನೇ. ಆದರೆ ಅದು ಬೆರಳೆಣಿಕೆಯ ಸಂಸ್ಥೆಗಳ ಜಾಲದ ಕಾಲ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಯಲಲ್ಲೇ ಸಾಗುತ್ತದೆ. 1995ರಲ್ಲಿ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಪಾಸ್‌ವರ್ಡ್‌ಗಳನ್ನು ಕದ್ದರು. ಆ ನಂತರವೇ ಅಲ್ಲಿನ ಸಂಶೋಧಕ ಟಾಟು ಇಲೊನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಕಟ್ಟಿದ್ದು. ಭೂಷಣರನ್ನು ಮೆಚ್ಚುವವರು ಅವರ ಆಶಯವನ್ನು ಎಸ್‌ಎಸ್‌ಎಚ್ ಮೇಲೆ ಸಾಗುವ ಎಸ್‌ಎಫ್‌ಟಿಪಿಯಲ್ಲಿ ನಡೆಸಲಿ.

ಭಾವ ಬ್ಲಫ್‌ನ ಪವರ್‌ಹೌಸಿನಲ್ಲಿ ದುಡಿದವರು. 1902ರಲ್ಲೇ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದು ಕರೆಂಟ್ ಕೊಟ್ಟ ಊರು ಇದು. ನನ್ನ ಮಾತನ್ನೆಲ್ಲ ಕೇಳಿ ಅವರು ಅಂದರು: “ಅರ್ಥಿಂಗ್ ಕಿತ್ತಾಕುದ್ರೂ ಬಲ್ಬು ಉರೀತದೆ ಕಣಯ್ಯ. ಹಂಗೇ ಅಲ್ವಾ ಇದು?” ಹಾಗೆಯೇ. ಕೆಲಸ ನಡೆಯುತ್ತಿದೆ ಎಂಬುದು ಸುರಕ್ಷಿತವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಇದನ್ನು ಇಷ್ಟು ಚೊಕ್ಕವಾಗಿ ನಾನು ಯಾವತ್ತೂ ಬರೆದಿಲ್ಲ.

ಮೂರೂ ಟಿಕ್ ತೆಗೆದೆವು. ಪ್ರಿಂಟಿಗೆ ಎಸ್‌ಎಂಬಿ 1.0ರ ಅಗತ್ಯವೇ ಇರಲಿಲ್ಲ. ಮುದ್ರಣಕ್ಕೆಂದೇ ಇರುವ ಐಪಿಪಿ ಸಾಕು, ಪ್ರಿಂಟರ್ ಒಪ್ಪಿದರೆ ಅದರ ಗೂಢಲಿಪಿ ರೂಪವಾದ ಐಪಿಪಿಎಸ್ ಇನ್ನೂ ಒಳ್ಳೆಯದು. ಸ್ಕ್ಯಾನಿಗೆ ಯುಎಸ್‌ಬಿ ಕೇಬಲ್ ಹಾಕಿ, ಪ್ರಿಂಟರ್ ಕಳಿಸುವ ಬದಲು ಕಂಪ್ಯೂಟರೇ ತರಿಸಿಕೊಳ್ಳುವಂತೆ ಮಾಡಿದೆವು. ಭಾವ ಮುಂದಿನ ಕ್ರಯಪತ್ರವನ್ನು ಗಾಜಿನ ಮೇಲೆ ಮಗುಚಿಟ್ಟು ಮುಚ್ಚಳ ಹಾಕಿದರು. ಒಂದೇ ನಿಮಿಷದಲ್ಲಿ ಅದು ಫೋಲ್ಡರಿನಲ್ಲಿತ್ತು.